ಹುಲಿಗೆ ಏಪ್ರಿಲ್, ಕಾಂಡ್ಲಾ ಕಾಡಿಗೆ ಚಳಿಗಾಲ: ಎರಡನ್ನೂ ಒಂದೇ ಪ್ರವಾಸಕ್ಕೆ ಕಟ್ಟಬೇಡಿ

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವರು. ನಾನು, ಹೆಂಡತಿ, 9 ವರ್ಷದ ಮಗಳು, 68 ವರ್ಷದ ಅಮ್ಮ, ಒಟ್ಟು ನಾಲ್ವರು. ಅಮ್ಮನಿಗೆ ಮೊಣಕಾಲು ನೋವಿದೆ, ನಿಧಾನವಾಗಿ ನಡೆಯುತ್ತಾರೆ. ಕ್ರಿಸ್‌ಮಸ್ ರಜೆಯ ಹತ್ತು ದಿನದಲ್ಲಿ ಬಂಗಾಳದ ಸುಂದರಬನಕ್ಕೆ ಹೋಗಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನೂ ಹುಲಿಯನ್ನೂ ಒಟ್ಟಿಗೆ ನೋಡಿ, ಬರುವಾಗ ಮಧ್ಯಪ್ರದೇಶದ ಕಾನ್ಹಾಕ್ಕೂ ಹೋಗಿ ಬರುವ ಆಲೋಚನೆ. ಮನೆಯವರೆಲ್ಲ ಸಸ್ಯಾಹಾರಿಗಳು. ಹೇಗೆ ಯೋಜನೆ ಹಾಕಿಕೊಳ್ಳಬೇಕು?

ಉತ್ತರ: ಇದನ್ನು ಎರಡು ಪ್ರವಾಸವಾಗಿ ಒಡೆಯಿರಿ. ಹುಲಿಗಾಗಿ ಏಪ್ರಿಲ್ ಮೊದಲ ಎರಡು ವಾರದಲ್ಲಿ ನಾಗರಹೊಳೆ ಕಾಡಿನ ಕಬಿನಿ. ಕಾಂಡ್ಲಾ ಕಾಡಿಗಾಗಿ ಚಳಿಗಾಲದಲ್ಲಿ ಸುಂದರಬನ, ಅಲ್ಲಿ ಹುಲಿ ಕಾಣಲೇಬೇಕೆಂಬ ಹಟ ಇಟ್ಟುಕೊಳ್ಳದೆ. ಕಾನ್ಹಾವನ್ನು ಸದ್ಯಕ್ಕೆ ಬಿಟ್ಟುಬಿಡಿ. ಹೌರಾದಿಂದ ಗೋಂದಿಯಾಕ್ಕೆ ಒಂದು ರಾತ್ರಿ ಪೂರ್ತಿ ರೈಲು, ಅಲ್ಲಿಂದ ಕಾಡಿನ ಬಾಗಿಲಿಗೆ ಮತ್ತೆ ಮೂರು ನಾಲ್ಕು ಗಂಟೆ ರಸ್ತೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಬೆಳಗಿನ ಜಾವದ ಚಳಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ, ಕೂರುವುದು ತೆರೆದ ಜಿಪ್ಸಿಯಲ್ಲಿ. ಕರಾವಳಿಯ ಸೆಕೆಗೆ ಒಗ್ಗಿದ ನಿಮ್ಮ ಅಮ್ಮನ ಮೊಣಕಾಲಿಗೆ ಅದು ತಕ್ಕದ್ದಲ್ಲ.

ಒಂದೇ ಪ್ರವಾಸದಲ್ಲಿ ಎರಡೂ ಯಾಕೆ ಸಿಗುವುದಿಲ್ಲ ಎಂಬುದು ಅರ್ಥವಾದರೆ ಉಳಿದ ಯೋಜನೆ ತಾನಾಗಿ ಕೂಡಿಬರುತ್ತದೆ. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಸುಂದರಬನಕ್ಕೆ ಕೊಟ್ಟ ಹುಲಿಗಳ ಸಂಖ್ಯೆ 100, ಮಹಾರಾಷ್ಟ್ರದ ತಡೋಬಾಕ್ಕೆ 97. ಸಂಖ್ಯೆ ಹೆಚ್ಚುಕಡಿಮೆ ಒಂದೇ. ಆದರೂ ಬೇಸಿಗೆಯಲ್ಲಿ ತಡೋಬಾಕ್ಕೆ ಹೋಗಿ ನಾಲ್ಕು ಸಫಾರಿ ಮಾಡಿದವರಲ್ಲಿ ಹೆಚ್ಚಿನವರು ಹುಲಿ ನೋಡಿಯೇ ಬರುತ್ತಾರೆ. ಸುಂದರಬನದಲ್ಲಿ ಮೂರು ದಿನ ದೋಣಿಯಲ್ಲಿ ಸುತ್ತಿದವರಲ್ಲಿ ಹೆಚ್ಚಿನವರಿಗೆ ಸಿಗುವುದು ಕೆಸರಿನ ಮೇಲಿನ ಹೆಜ್ಜೆಗುರುತು ಮಾತ್ರ.

ಇದಕ್ಕೆ ಕಾರಣ ಕಾಡಿನ ರಚನೆ. ತಡೋಬಾದ್ದು ತೇಗ ಬಿದಿರುಗಳ ಎಲೆ ಉದುರುವ ಕಾಡು. ಮಾರ್ಚ್ ದಾಟಿದರೆ ಮರಗಳು ಬೋಳಾಗಿ ನೋಟ ದೂರಕ್ಕೆ ಹರಿಯುತ್ತದೆ, ನೀರು ಕೆಲವೇ ಕೆರೆ ಹೊಂಡಗಳಲ್ಲಿ ಉಳಿಯುತ್ತದೆ, ಹುಲಿ ಅಲ್ಲಿಗೆ ಬರಲೇಬೇಕು. ಜೀಪಿನ ದಾರಿಗಳು ಆ ಹೊಂಡಗಳ ಪಕ್ಕದಲ್ಲೇ ಹಾದುಹೋಗುತ್ತವೆ. ಸುಂದರಬನದ ಕಾಡು ವರ್ಷಪೂರ್ತಿ ಹಸಿರು. ಗೊರಾನ್ ಪೊದೆಗಳೂ ಹೆಂತಾಲ್ ಎಂಬ ಕುಳ್ಳು ಈಚಲಿನ ಮೆಳೆಗಳೂ ನೀರಿನ ಅಂಚಿನವರೆಗೆ ಒತ್ತಾಗಿ ಬೆಳೆದಿರುತ್ತವೆ. ಹೆಂತಾಲಿನ ಒಣಗಿದ ಗರಿಯ ಬಣ್ಣ ಹುಲಿಯ ಮೈಬಣ್ಣಕ್ಕೆ ಎಷ್ಟು ಹತ್ತಿರವೆಂದರೆ, ಎರಡು ಮಾರು ಒಳಗೆ ಮಲಗಿದ ಹುಲಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನೆಲದ ಮೇಲೆ ಓಡಾಡಲು ನಮಗೆ ಅವಕಾಶವಿಲ್ಲ, ಹೊಳೆ ತೋಡುಗಳಲ್ಲಿ ತೇಲುತ್ತಾ ಕಾಡಿನ ಅಂಚನ್ನಷ್ಟೇ ನೋಡಬಹುದು. ಹುಲಿ ತೋಡು ದಾಟುವ ಆ ಒಂದೆರಡು ನಿಮಿಷಕ್ಕೆ ನಿಮ್ಮ ದೋಣಿ ಅಲ್ಲಿರಬೇಕು. ಹಾಗಾಗಿ ‘ಸುಂದರಬನದಲ್ಲಿ ಹುಲಿ ಗ್ಯಾರಂಟಿ’ ಎನ್ನುವ ಪ್ಯಾಕೇಜ್‌ನವರ ಮಾತಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಮೊದಲು ಹುಲಿಯ ಪ್ರವಾಸ.

ನಾಗರಹೊಳೆಯಲ್ಲಿ 2022ರ ಅಂದಾಜಿನ ಪ್ರಕಾರ 141 ಹುಲಿಗಳಿವೆ, ಪಕ್ಕದ ಬಂಡೀಪುರದಲ್ಲಿ 150. ಇಷ್ಟು ಹತ್ತಿರ ಇಂಥ ಕಾಡಿರುವಾಗ ನಿಮ್ಮ ಮನೆಯವರ ಮೊದಲ ಹುಲಿ ಪ್ರವಾಸಕ್ಕೆ ಸಾವಿರ ಮೈಲಿ ದೂರ ಹೋಗುವ ಅಗತ್ಯವೇ ಇಲ್ಲ. ಕಬಿನಿ ಹಿನ್ನೀರಿನ ದಂಡೆಯಲ್ಲಿ ಬೇಸಿಗೆಗೆ ನೀರು ಹಿಂದೆ ಸರಿದಂತೆ ಹೊಸ ಹುಲ್ಲು ಚಿಗುರುತ್ತದೆ. ಆ ಹುಲ್ಲಿಗೆ ಆನೆ, ಕಾಟಿ, ಚುಕ್ಕೆಜಿಂಕೆಗಳ ಹಿಂಡು ಇಳಿಯುತ್ತವೆ. ಹುಲಿ ಸಿಗದ ದಿನವೂ ಮಗಳಿಗೆ ಬೇಸರವಾಗದಷ್ಟು ಪ್ರಾಣಿ ಇಲ್ಲಿ ಕಾಣುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಸಣ್ಣ ಸಂಗತಿಯಲ್ಲ.

ಏಪ್ರಿಲ್ ಮೊದಲ ಎರಡು ವಾರ ಎಂದದ್ದಕ್ಕೆ ಕಾರಣವಿದೆ. ಕೇರಳದ ಶಾಲೆಗಳ ವಾರ್ಷಿಕ ಪರೀಕ್ಷೆ ಮಾರ್ಚ್ ಕೊನೆಗೆ ಮುಗಿಯುತ್ತದೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ ಮೈಸೂರು, ಕೊಡಗಿನ ಕಡೆ ಮುಂಗಾರಿಗೆ ಮೊದಲಿನ ಗುಡುಗು ಮಳೆ ಶುರು. ಎರಡು ಒಳ್ಳೆಯ ಮಳೆ ಬಿದ್ದರೆ ಕಾಡಿನ ಒಳಗಿನ ಗುಂಡಿಗಳೆಲ್ಲ ತುಂಬಿ, ನೀರಿನ ಬಳಿ ಸೇರಿದ್ದ ಪ್ರಾಣಿಗಳು ಚದುರಿಬಿಡುತ್ತವೆ. ವಿಷು, ಯುಗಾದಿ, ಈಸ್ಟರ್ ಮತ್ತು ಶನಿವಾರ ಭಾನುವಾರಗಳನ್ನು ತಪ್ಪಿಸಿ. ಸೋಮವಾರ ಹೊರಟು ಗುರುವಾರ ಮರಳುವಂತೆ ಇಟ್ಟುಕೊಂಡರೆ ಕೋಣೆಯೂ ಸಫಾರಿ ಸೀಟೂ ಸಿಗುವ ಸಾಧ್ಯತೆ ಹೆಚ್ಚು.

ದಾರಿ ನಿಮಗೆ ಗೊತ್ತಿರುವುದೇ: ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ. ಅಲ್ಲಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಅಂತರಸಂತೆ. ನಕ್ಷೆಯಲ್ಲಿ ಕುಟ್ಟ, ಬಾವಲಿ ಮೂಲಕ ಹೋಗುವ ದಾರಿಯೂ ಕಾಣುತ್ತದೆ. ಆದರೆ ನಾಗರಹೊಳೆಯೊಳಗಿನ ರಸ್ತೆಗಳು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. ಮಡಿಕೇರಿಯಲ್ಲಿ ಊಟಕ್ಕೆ ತಡವಾಗಿ, ಸಂಜೆ ಆರೂ ಕಾಲಿಗೆ ಚೆಕ್‌ಪೋಸ್ಟ್ ಮುಟ್ಟಿದವರು ಬಂದ ದಾರಿಯಲ್ಲೇ ಸುತ್ತಿಕೊಂಡು ಹೋಗಬೇಕಾಗುತ್ತದೆ. ಹುಣಸೂರಿನ ದಾರಿಗೆ ಆ ತಾಪತ್ರಯ ಇಲ್ಲ. ಬೆಳಿಗ್ಗೆ ಬೇಗ ಹೊರಟು ಇಡೀ ಹಗಲನ್ನು ಪ್ರಯಾಣಕ್ಕೆ ಕೊಡಿ. ಬಂದ ದಿನವೇ ಸಂಜೆ ಸಫಾರಿ ಹಾಕಿಕೊಳ್ಳಬೇಡಿ. ಘಾಟಿ ಹತ್ತಿ ಇಳಿದ ಮೊಣಕಾಲಿಗೆ ಒಂದು ರಾತ್ರಿ ವಿಶ್ರಾಂತಿ ಬೇಕು.

ಸಫಾರಿಗೆ ಎರಡು ಬಾಗಿಲು. ಒಂದು, ಅಂತರಸಂತೆ ಹತ್ತಿರದ ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆ ನಡೆಸುವುದು. ಇದಕ್ಕೆ ಸೀಟನ್ನು ಇಲಾಖೆಯ ಜಾಲತಾಣದಲ್ಲಿ ಕಾದಿರಿಸಿ, ಉಳಿಯುವ ಜಾಗ ಬೇರೆ ನೋಡಿಕೊಳ್ಳಬೇಕು. ಇನ್ನೊಂದು, ಕಾರಾಪುರದಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವುದು. ಅವರ ಲಾಡ್ಜಿನಲ್ಲಿ ಉಳಿದರೆ ವಾಸ, ಊಟ, ಸಫಾರಿ ಎಲ್ಲ ಒಂದೇ ದರದಲ್ಲಿ ಸೇರಿರುತ್ತದೆ. ದುಬಾರಿ. ಆದರೆ ವಯಸ್ಸಾದವರು ಜೊತೆಗಿದ್ದಾಗ ಓಡಾಟ ಕಡಿಮೆ. ಸುತ್ತಲಿನ ಖಾಸಗಿ ರೆಸಾರ್ಟುಗಳು ‘ಸಫಾರಿ ಇದೆ’ ಎಂದರೆ ಅದು ಈ ಎರಡರಲ್ಲಿ ಒಂದರದೇ ಸೀಟು. ಕೋಣೆಗೆ ಹಣ ಕಟ್ಟುವ ಮೊದಲು ನಿಮ್ಮ ನಾಲ್ವರ ಹೆಸರಿನಲ್ಲಿ, ಯಾವ ದಿನ, ಯಾವ ಹೊತ್ತಿಗೆ, ಜೀಪೋ ಬಸ್ಸೋ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಕೋಣೆ ಮೊದಲು ಮಾಡಿ, ಸಫಾರಿ ಆಮೇಲೆ ನೋಡೋಣ ಎಂದವರೇ ಕಾಡಿನ ಬಾಗಿಲಲ್ಲಿ ನಿಂತು ಪೇಚಾಡುವುದು. ಕ್ರಮ ಯಾವಾಗಲೂ ಸಫಾರಿ ಮೊದಲು, ಕೋಣೆ ನಂತರ.

ಎಷ್ಟು ಸಫಾರಿ? ಕನಿಷ್ಠ ಮೂರು, ಆದರೆ ನಾಲ್ಕು. ಎರಡು ಕಾಡಿನಲ್ಲಿ ಎರಡೆರಡು ಮಾಡುವುದಕ್ಕಿಂತ ಒಂದೇ ಕಾಡಿನಲ್ಲಿ ನಾಲ್ಕು ಮಾಡುವುದು ಎಷ್ಟೋ ಮೇಲು. ನಿನ್ನೆ ಸಂಜೆ ಹುಲಿ ಯಾವ ಕೆರೆಯ ಬಳಿ ಇತ್ತು, ಬೇಟೆ ಆಡಿದೆಯೇ, ಮರಿಗಳಿವೆಯೇ ಎಂಬುದು ಚಾಲಕರ ಬಾಯಲ್ಲಿ ದಿನದಿಂದ ದಿನಕ್ಕೆ ಸಾಗುತ್ತದೆ. ದೊಡ್ಡ ಕಡವೆಯನ್ನೋ ಕಾಟಿಯನ್ನೋ ಕೊಂದ ಹುಲಿ ಮೂರು ನಾಲ್ಕು ದಿನ ಅದರ ಆಸುಪಾಸಿನಲ್ಲೇ ಇರುತ್ತದೆ. ಎರಡನೇ ದಿನ ಊರು ಬದಲಿಸಿದವರಿಗೆ ಆ ಮಾಹಿತಿಯ ಲಾಭ ಸಿಗುವುದಿಲ್ಲ. ಅಮ್ಮನನ್ನು ನಾಲ್ಕಕ್ಕೂ ಕರೆದೊಯ್ಯಬೇಕೆಂದಿಲ್ಲ. ಒಂದು ಜೀಪು, ಒಂದು ದೋಣಿ ಸಫಾರಿ ಅವರಿಗೆ ಸಾಕು. ದೋಣಿಯಲ್ಲಿ ಕುಲುಕಾಟವಿಲ್ಲ. ದಂಡೆಯ ಆನೆ, ಮೊಸಳೆ, ಹಕ್ಕಿಗಳನ್ನು ಕುಳಿತಲ್ಲಿಂದಲೇ ನೋಡಬಹುದು.

ಜೀಪಿನಲ್ಲಿ ಅವರನ್ನು ಚಾಲಕನ ಬೆನ್ನ ಹಿಂದಿನ ಸಾಲಿಗೆ ಕೂರಿಸಿ. ಕೊನೆಯ ಸಾಲು ಹಿಂಚಕ್ರದ ಮೇಲೆ ಬರುವುದರಿಂದ ಪ್ರತಿ ಗುಂಡಿಯ ಏಟೂ ನೇರ ಬೆನ್ನೆಲುಬಿಗೆ. ಮೆಟ್ಟಿಲು ಎತ್ತರದಲ್ಲಿರುತ್ತದೆ, ಹತ್ತಿಸಲು ಒಂದು ಸಣ್ಣ ಸ್ಟೂಲ್ ಕೇಳಿದರೆ ಕೊಡುತ್ತಾರೆ, ಸಂಕೋಚ ಬೇಡ. ಸಫಾರಿ ಮೂರು, ಮೂರೂವರೆ ಗಂಟೆ. ಮಧ್ಯೆ ಇಳಿಯುವಂತಿಲ್ಲ, ಶೌಚಾಲಯವಿಲ್ಲ. ಈ ಭಯಕ್ಕೆ ವಯಸ್ಸಾದ ಹೆಂಗಸರು ಬೆಳಗ್ಗಿನಿಂದ ನೀರೇ ಕುಡಿಯದೆ ಕೂತು ತಲೆಸುತ್ತು ಬರಿಸಿಕೊಳ್ಳುವುದುಂಟು. ಹಿಂದಿನ ರಾತ್ರಿಯೂ, ಹೊರಡುವ ಎರಡು ಗಂಟೆ ಮೊದಲೂ ಚೆನ್ನಾಗಿ ನೀರು ಕುಡಿಯಲಿ, ಹತ್ತುವ ಮುನ್ನ ಶೌಚಕ್ಕೆ ಹೋಗಲಿ. ಒಳಗೆ ಬಾಯಿ ಒಣಗದಷ್ಟು ಗುಟುಕರಿಸಿದರೆ ಸಾಕು.

ಕಾಡಿನೊಳಗೆ ಏನನ್ನು ಗಮನಿಸಬೇಕೆಂದು ಮಗಳಿಗೆ ಮೊದಲೇ ಹೇಳಿಕೊಡಿ, ಆಗ ಅವಳು ಬರಿಯ ಪ್ರಯಾಣಿಕಳಾಗಿ ಉಳಿಯುವುದಿಲ್ಲ. ಮಣ್ಣಿನ ದಾರಿಯಲ್ಲಿ ಹುಲಿಯ ಹೆಜ್ಜೆ ಜೀಪಿನ ಚಕ್ರದ ಗುರುತಿನ ಮೇಲೆ ಬಿದ್ದಿದ್ದರೆ ಆ ಜೀಪು ಹೋದ ನಂತರ ಹುಲಿ ನಡೆದಿದೆ. ಚಕ್ರದ ಗುರುತು ಹೆಜ್ಜೆಯನ್ನು ಅಳಿಸಿದ್ದರೆ ಅದು ಹಳೆಯದು. ಇನ್ನು ಎಚ್ಚರಿಕೆಯ ಕೂಗು. ಚುಕ್ಕೆಜಿಂಕೆ ಸೀಳುನಾಯಿಗೂ ಕೂಗುತ್ತದೆ, ಒಮ್ಮೊಮ್ಮೆ ಏನೂ ಇಲ್ಲದೆಯೂ ಕೂಗುತ್ತದೆ. ಮುಸುವ ಮರದ ತುದಿಯಿಂದ ಕೆಮ್ಮುವಂತೆ ಕೂಗಿದರೆ ಅದು ಪ್ರಾಣಿಯನ್ನು ಕಣ್ಣಾರೆ ಕಂಡಿದೆ ಎಂದು ಹೆಚ್ಚುಕಡಿಮೆ ನಂಬಬಹುದು. ಕಡವೆ ‘ಢಾಂಕ್’ ಎಂದು ಒಂದೇ ಗಟ್ಟಿ ಸ್ವರದಲ್ಲಿ, ಬಾಲ ಎತ್ತಿ, ಒಂದೇ ದಿಕ್ಕು ನೋಡುತ್ತಾ ಮತ್ತೆ ಮತ್ತೆ ಕೂಗಿದರೆ ಹುಲಿಯೋ ಚಿರತೆಯೋ ಅಲ್ಲೇ ಇದೆ. ಆಗ ಒಳ್ಳೆಯ ಚಾಲಕ ಎಂಜಿನ್ ಆರಿಸಿ ಕಾಯುತ್ತಾನೆ. ಹತ್ತು ಹದಿನೈದು ನಿಮಿಷ ಏನೂ ಕಾಣದು. ‘ಮುಂದೆ ಹೋಗೋಣ’ ಎಂದು ಪ್ರವಾಸಿಗರೇ ಅವಸರ ಮಾಡಿ ಹುಲಿ ತಪ್ಪಿಸಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಕೂಗು ನಿಂತ ದಿಕ್ಕು, ಹೊಸದಾಗಿ ಶುರುವಾದ ದಿಕ್ಕು ಎರಡನ್ನೂ ಜೋಡಿಸಿದರೆ ಹುಲಿ ಎತ್ತ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ಬಟ್ಟೆ ಕಂದು, ಹಸಿರು, ಬೂದು. ಅತ್ತರು, ಸೆಂಟು ಬೇಡ. ಬೈನಾಕ್ಯುಲರ್ ಒಂದು ಕೊಳ್ಳುವುದಾದರೆ ಎಂಟು ಪಟ್ಟು ದೊಡ್ಡದು ಮಾಡುವ 8×42 ಕೊಳ್ಳಿ. ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು ಕುಲುಕುವ ಜೀಪಿನಲ್ಲಿ ಕೈಗೆ ನಿಲ್ಲುವುದಿಲ್ಲ. ನಾಲ್ವರ ಅಸಲಿ ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ.

ಒಂದು ಮುಖ್ಯ ಎಚ್ಚರಿಕೆ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಲು ಕರ್ನಾಟಕ ಸರ್ಕಾರ ಆದೇಶಿಸಿತು. ಸಫಾರಿಗೆ ಹೋದ ಸಿಬ್ಬಂದಿ, ವಾಹನಗಳು ಕಾಡಂಚಿನ ಹಳ್ಳಿಗಳ ರಕ್ಷಣೆಗೆ ಬೇಕಾಗುವ ದಿನಗಳಿರುತ್ತವೆ, ಅದನ್ನು ಪ್ರವಾಸಿಗರಾದ ನಾವು ಒಪ್ಪಿಕೊಳ್ಳಲೇಬೇಕು. ಹಾಗಾಗಿ ದಿನಾಂಕ ಗೊತ್ತು ಮಾಡುವ ಮುನ್ನ ಯಾವ ವಲಯ ತೆರೆದಿದೆ ಎಂದು ಇಲಾಖೆಯಲ್ಲಿ ವಿಚಾರಿಸಿ, ರದ್ದು ಮಾಡಿದರೆ ಹಣ ಮರಳುವ ಕೋಣೆಯನ್ನೇ ಹಿಡಿಯಿರಿ. ಕಬಿನಿ ಇಲ್ಲವೆಂದಾದರೆ ವಯನಾಡಿನ ತೋಲ್ಪೆಟ್ಟಿ, ಮುತ್ತಂಗ ನೆನಪಾಗಬಹುದು. ಆದರೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅವನ್ನು ಮುಚ್ಚುವ ರೂಢಿಯಿದೆ. ಅದಕ್ಕಿಂತ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಲಕ್ಕವಳ್ಳಿ ಒಳ್ಳೆಯದು. ಅಲ್ಲಿ ಹುಲಿ ಕಾಣುವುದು ಅಪರೂಪ. ಆದರೆ ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ಅವುಗಳ ಮೇಲೆ ನದಿ ರೀವ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವೆ. ದೋಣಿಯಿಂದ ಅದನ್ನು ನೋಡುವುದು ನಿಮ್ಮ ಅಮ್ಮನಿಗೂ ಮಗಳಿಗೂ ಸಮಾನವಾಗಿ ಸಲ್ಲುವ ನೋಟ.

ತಡೋಬಾ, ಕಾನ್ಹಾಗಳನ್ನು ಗಂಡ ಹೆಂಡತಿ ಮಗಳು ಮೂವರೇ ಹೋಗುವ ಮತ್ತೊಂದು ವರ್ಷಕ್ಕೆ ಇಡಿ. ಚಂದ್ರಪುರದ ಬೇಸಿಗೆ 45 ಡಿಗ್ರಿ ಮುಟ್ಟುತ್ತದೆ, ಹಿರಿಯರಿಗೆ ಅದು ಅಪಾಯ. ಹೋಗುವಾಗ ನೆನಪಿಡಬೇಕಾದ್ದು ಇಷ್ಟು: ತಡೋಬಾಕ್ಕೆ ಮಂಗಳವಾರ ರಜೆ, ಮಧ್ಯಪ್ರದೇಶದ ಹುಲಿ ಕಾಡುಗಳಲ್ಲಿ ಬುಧವಾರ ಸಂಜೆ ಸಫಾರಿ ಇಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕೋರ್ ವಲಯ ಮುಚ್ಚಿರುತ್ತದೆ. ಮಧ್ಯಪ್ರದೇಶದಲ್ಲಿ ಬುಕಿಂಗ್ 120 ದಿನ ಮೊದಲೇ ತೆರೆಯುತ್ತದೆ, ಒಳ್ಳೆಯ ವಲಯಗಳ ಸೀಟು ಬೇಗ ತುಂಬುತ್ತದೆ. ಆನ್‌ಲೈನ್‌ನಲ್ಲಿ ಕಟ್ಟುವುದು ಪರವಾನಗಿಯ ಹಣ ಮಾತ್ರ, ಜಿಪ್ಸಿ ಬಾಡಿಗೆ ಮತ್ತು ಗೈಡ್ ಶುಲ್ಕ ಬಾಗಿಲಲ್ಲಿ ಬೇರೆ. ತಡೋಬಾಕ್ಕೆ ನಾಗಪುರದಿಂದ ಬರುವವರಿಗೆ ಕೋಲಾರಾ ಗೇಟು, ಚಂದ್ರಪುರದಿಂದ ಬರುವವರಿಗೆ ಮೊಹರ್ಲಿ ಗೇಟು ಅನುಕೂಲ. ಪರವಾನಗಿಯಲ್ಲಿ ಬರೆದ ಗೇಟಿನಿಂದಲೇ ಒಳಗೆ ಬಿಡುತ್ತಾರೆ, ಹಾಗಾಗಿ ಕೋಣೆಯೂ ಅದರ ಹತ್ತಿರವೇ ಇರಬೇಕು. ಕಾಸರಗೋಡಿನಿಂದ ರೈಲು ಬದಲಿಸದೆ ಹುಲಿ ಕಾಡಿನ ಹತ್ತಿರ ಹೋಗಬೇಕೆಂದರೆ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಇಟಾರ್ಸಿಗೆ ಇಳಿದು ಸಾತ್ಪುಡಾದ ಮಢಾಯಿಗೆ ಹೋಗಬಹುದು. ಅಲ್ಲಿ ಹುಲಿಗಿಂತ ಚಿರತೆ, ಕರಡಿ ಹೆಚ್ಚು ಕಾಣುತ್ತವೆ, ಗೈಡ್ ಜೊತೆ ಕಾಲ್ನಡಿಗೆಗೂ ಅವಕಾಶವಿದೆ.

ಈಗ ಸುಂದರಬನ. ನವೆಂಬರ್ ಕೊನೆಯಿಂದ ಫೆಬ್ರವರಿ ಅದರ ಕಾಲ. ಬೇಸಿಗೆ ರಜೆಗೆ ಮುಂದೂಡಬೇಡಿ. ಮೇ ತಿಂಗಳು ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ, 2009ರ ಐಲಾ, 2020ರ ಅಂಫಾನ್ ಎರಡೂ ಅಪ್ಪಳಿಸಿದ್ದು ಮೇ ತಿಂಗಳಲ್ಲೇ. ಆದರೆ ಕ್ರಿಸ್‌ಮಸ್‌ನಿಂದ ಹೊಸವರ್ಷದ ವಾರ ಕೋಲ್ಕತ್ತದ ಪಿಕ್‌ನಿಕ್ ತಂಡಗಳೆಲ್ಲ ಅಲ್ಲೇ ಇರುತ್ತವೆ. ವೀಕ್ಷಣಾ ಗೋಪುರಗಳಲ್ಲಿ ಕಾಲಿಡಲು ಜಾಗವಿರದು. ಶಾಲೆ ಮುಚ್ಚಿದ ಮರುದಿನವೇ ಹೊರಟು 24ರೊಳಗೆ ಕಾಡಿನಿಂದ ಹೊರಬರಲು ಆಗುತ್ತದೆಯೇ ನೋಡಿ. ಆಗದಿದ್ದರೆ ಮಗಳಿಗೆ ಮೂರು ನಾಲ್ಕು ದಿನ ರಜೆ ಹಾಕಿಸಿ ಜನವರಿಯ ವಾರದ ನಡುವಿನ ದಿನಗಳಲ್ಲಿ ಹೋಗುವುದನ್ನೇ ನಾನು ಆರಿಸುತ್ತೇನೆ.

ಮಂಗಳೂರು ಸೆಂಟ್ರಲಿನಿಂದ ಸಂತ್ರಗಾಛಿಗೆ ವಾರಕ್ಕೊಮ್ಮೆ ವಿವೇಕ ಎಕ್ಸ್‌ಪ್ರೆಸ್ ಇದೆ, ಎರಡು ರಾತ್ರಿಯ ಪ್ರಯಾಣ. ಮುಂಗಡ ಕಾದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ಅಮ್ಮ ಇರುವುದರಿಂದ ಮಂಗಳೂರು ಇಲ್ಲವೇ ಕಣ್ಣೂರಿನಿಂದ ಬೆಂಗಳೂರು ಮೂಲಕ ವಿಮಾನವೇ ಸರಿ. ಕೋಲ್ಕತ್ತದಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಕಾರಿನಲ್ಲಿ ಗೋಡ್‌ಖಾಲಿ. ಸುಮಾರು 100 ಕಿ.ಮೀ., ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ರಸ್ತೆ ಮುಗಿಯಿತು, ಮುಂದೆಲ್ಲ ದೋಣಿ. ಪಾಖಿರಾಲಯ ಅಥವಾ ದಯಾಪುರದಲ್ಲಿ ವಸತಿ ಹಿಡಿಯಿರಿ, ಪರವಾನಗಿ ಕೊಡುವ ಸಜ್ನೇಖಾಲಿ ಅಲ್ಲಿಗೆ ಹತ್ತಿರ. ಎರಡು ರಾತ್ರಿ ಮೂರು ಹಗಲಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಒಂದೇ ದಿನದ ಪ್ಯಾಕೇಜಿನಲ್ಲಿ ಕಾಡಿಗಿಂತ ಹೆಚ್ಚು ಹೊತ್ತು ಕಾರಿನಲ್ಲೇ ಕಳೆಯುತ್ತದೆ. ಪ್ರತಿ ದೋಣಿಗೂ ಇಲಾಖೆಯ ಗೈಡ್ ಕಡ್ಡಾಯ.

ಅಲ್ಲಿ ಗಡಿಯಾರಕ್ಕಿಂತ ಭರತ ಇಳಿತವೇ ದೊಡ್ಡದು. ನಿಮ್ಮ ಚಂದ್ರಗಿರಿ, ಶಿರಿಯ ಅಳಿವೆಗಳಲ್ಲಿ ನೀರು ಏರಿಳಿಯುವುದು ಒಂದು ಒಂದೂವರೆ ಮೀಟರ್. ಸುಂದರಬನದಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಅದು ನಾಲ್ಕೈದು ಮೀಟರ್ ಮುಟ್ಟುತ್ತದೆ. ಭರತದಲ್ಲಿ ಕೆಸರಿನ ದಂಡೆ ಪೂರ್ತಿ ಮುಳುಗಿ ನೀರು ಎಲೆಗಳಿಗೆ ತಾಗುತ್ತದೆ. ಆಗ ಸಣ್ಣ ತೋಡುಗಳೊಳಗೆ ದೋಣಿ ಹೋಗಬಹುದು, ಆದರೆ ದಂಡೆಯ ಪ್ರಾಣಿ ಕಾಣವು. ಇಳಿತದಲ್ಲಿ ದಂಡೆ ತೆರೆದುಕೊಳ್ಳುತ್ತದೆ. ಚಳಿಗಾಲದ ಬಿಸಿಲಿಗೆ ಮೈಯೊಡ್ಡಿದ ಮೊಸಳೆ, ಒಂದು ಚಿಮಟ ಮಾತ್ರ ದೊಡ್ಡದಾಗಿ ಕೆಂಪಗಿರುವ ಏಡಿಗಳು, ಕೆಸರಿನ ಮೇಲೆ ನೆಗೆಯುವ ಮೀನು, ಜಿಂಕೆ, ಮಂಗ, ಅದೃಷ್ಟವಿದ್ದರೆ ಹುಲಿಯ ಹೆಜ್ಜೆಸಾಲು. ದಿನಕ್ಕೆ ಸುಮಾರು 50 ನಿಮಿಷದಂತೆ ಭರತ ಇಳಿತದ ಹೊತ್ತು ಮುಂದಕ್ಕೆ ಜಾರುತ್ತದೆ. ನಿಮ್ಮ ಮೂರು ದಿನಗಳ ಭರತ ಇಳಿತದ ವೇಳೆಯನ್ನು ಮೊದಲೇ ನೋಡಿ, ಬೆಳಗಿನ ಇಳಿತಕ್ಕೆ ಹೊಳೆಯಂಚಿನಲ್ಲೂ ನೀರು ಏರಿದಾಗ ಗೋಪುರಗಳಲ್ಲೂ ಇರುವಂತೆ ದೋಣಿಯವನೊಡನೆ ಮಾತಾಡಿಕೊಳ್ಳಿ. ಸಜ್ನೇಖಾಲಿ, ಸುಧನ್ಯಖಾಲಿ ಗೋಪುರಗಳ ಮುಂದೆ ಸಿಹಿನೀರಿನ ಹೊಂಡಗಳಿವೆ. ಸುತ್ತ ಉಪ್ಪುನೀರೇ ಇರುವಲ್ಲಿ ಪ್ರಾಣಿಗಳು ಅಲ್ಲಿಗೆ ಬರುತ್ತವೆ. ದೋಬಂಕಿಯಲ್ಲಿ ಮರಗಳ ಎತ್ತರದಲ್ಲಿ ಬಲೆ ಹಾಕಿದ ನಡಿಗೆ ದಾರಿಯಿದೆ. ಆ ಏರು ಅಮ್ಮನಿಗೆ ಆಗದಿದ್ದರೆ ಅವರು ದೋಣಿಯಲ್ಲೇ ಕೂರಲಿ.

ಅಮ್ಮನ ವಿಷಯದಲ್ಲಿ ನಿಜವಾದ ಕಷ್ಟ ಇರುವುದು ದೋಣಿ ಹತ್ತಿ ಇಳಿಯುವ ಕಟ್ಟೆಗಳಲ್ಲಿ. ನೀರು ಇಳಿದಾಗ ಪಾಚಿ, ಕೆಸರು ಹಿಡಿದ ಹತ್ತಾರು ಮೆಟ್ಟಿಲು ಕೆಳಗಿಳಿದು, ಒಂದಡಿ ಅಗಲದ ಹಲಗೆಯ ಮೇಲೆ ನಡೆದು ದೋಣಿ ಸೇರಬೇಕು. ನೀರು ಏರಿದ್ದಾಗ ಅದೇ ದೋಣಿ ಕಟ್ಟೆಯ ಮೇಲ್ಭಾಗಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಅಷ್ಟಮಿಯ ಆಸುಪಾಸಿನ ದಿನಗಳನ್ನು ಆರಿಸಿ, ಆಗ ಏರಿಳಿತ ಕಡಿಮೆ. ದೊಡ್ಡ ಇಳಿತದ ಅಗಲ ಕೆಸರುದಂಡೆ ಆಗ ಸಿಗುವುದಿಲ್ಲ ನಿಜ, ಆದರೆ ಅವರು ಬೀಳದೆ ಬರುವುದು ದೊಡ್ಡದು. ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ಇರಲಿ, ಊರುಗೋಲು ಇರಲಿ. ದೋಣಿ ಗೊತ್ತು ಮಾಡುವಾಗ ಕೇಳಬೇಕಾದ್ದು: ಕೂರುವ ಕಮೋಡ್ ಇದೆಯೇ, ಸುತ್ತ ಕಂಬಿಯಿದೆಯೇ, 9 ವರ್ಷದ ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ, ಮೇಲಿನ ಡೆಕ್ಕಿಗೆ ಏಣಿಯೋ ಮೆಟ್ಟಿಲೋ. ಫೋಟೋ ಕಳಿಸಲು ಹೇಳಿ. ‘ಎಲ್ಲ ಇದೆ’ ಎಂಬ ಮಾತನ್ನಷ್ಟೇ ನಂಬಬೇಡಿ.

ಊಟ ಅಲ್ಲಿ ಮೀನಿನ ಮೇಲೆ ನಿಂತಿದೆ. ಸಸ್ಯಾಹಾರ ಬೇಕೆಂದು ಎರಡು ದಿನ ಮೊದಲೇ ತಿಳಿಸಿ, ಬೇರೆ ಪಾತ್ರೆ ಬೇಕಿದ್ದರೆ ಅದನ್ನೂ ಹೇಳಿ. ಅಡುಗೆ ಸಾಸಿವೆ ಎಣ್ಣೆಯಲ್ಲಿ, ತೆಂಗಿನೆಣ್ಣೆ ಉಂಡವರಿಗೆ ಮೊದಲ ದಿನ ಘಾಟು ಅನಿಸುತ್ತದೆ. ಅವಲಕ್ಕಿ, ಉಪ್ಪಿನಕಾಯಿ, ಚಟ್ನಿಪುಡಿ ಒಯ್ದರೆ ಅಮ್ಮನಿಗೆ ನೆಮ್ಮದಿ.

ಹುಲಿಗೆ ಗಂಡನನ್ನು ಕಳೆದುಕೊಂಡ ಹೆಂಗಸರ ಮನೆ ತೋರಿಸುತ್ತೇವೆ ಎಂದು ಯಾರಾದರೂ ಕೇಳಿದರೆ ದಯವಿಟ್ಟು ಬೇಡ ಅನ್ನಿ. ಜೇನಿಗೆ, ಏಡಿಗೆ, ಮೀನಿಗೆ ಆ ಕಾಡಿನೊಳಗೆ ಹೋಗಲೇಬೇಕಾದ ಜನ ಅವರು. ಕಾಡು ಹೊಗುವ ಮುನ್ನ ಹಿಂದೂ ಮುಸ್ಲಿಮರೆನ್ನದೆ ಕಾಡಿನ ದೇವತೆ ಬೊನೊಬೀಬಿಗೆ ಕೈಮುಗಿದು ಹೋಗುತ್ತಾರೆ. ಅವರ ದುಃಖ ಪ್ರವಾಸಿಗರು ನೋಡುವ ವಸ್ತುವಲ್ಲ. ಅಲ್ಲಿನವರಿಗೆ ನಿಮ್ಮಿಂದ ನಾಲ್ಕು ಕಾಸು ಸಿಗಬೇಕೆಂದಿದ್ದರೆ ದೋಣಿ, ಅಡುಗೆ, ಗೈಡ್ ಎಲ್ಲರೂ ದ್ವೀಪದವರೇ ಆಗಿರುವ ವಸತಿಯನ್ನು ಆರಿಸಿ, ಜೇನನ್ನು ಅಲ್ಲಿಯೇ ಕೊಳ್ಳಿ.

ಇಷ್ಟು ದೂರ ಹೋಗುವ ಮೊದಲು ಒಂದು ಭಾನುವಾರ ನಿಮ್ಮದೇ ಜಿಲ್ಲೆಯ ಕಾಂಡ್ಲಾ ನೋಡಿ, ಇದನ್ನು ಬಿಡಬೇಡಿ. ಕುಂಬಳೆ, ಮೊಗ್ರಾಲ್, ಚಿತ್ತಾರಿ ಹೊಳೆಗಳ ಅಳಿವೆಗಳಲ್ಲಿ ಸಾಕಷ್ಟಿದೆ. ಸ್ವಲ್ಪ ದಕ್ಷಿಣಕ್ಕೆ ಹೋದರೆ ಕಣ್ಣೂರು ಜಿಲ್ಲೆಯ ಪಳಯಂಗಾಡಿಯಲ್ಲಿ, 1989ರಿಂದ ಕಾಂಡ್ಲಾ ನೆಟ್ಟು ಬೆಳೆಸಿದ ಕಲ್ಲೇನ್ ಪೊಕ್ಕುಡನ್ ಅವರ ನೆಲ. ಎರಡು ಬಗೆಯ ಬೇರು ಗುರುತಿಸಲು ಮಗಳಿಗೆ ಕಲಿಸಿ. ಚಪ್ಪರದ ಕಂಬಗಳಂತೆ ಕಾಂಡದಿಂದ ಬಾಗಿ ಕೆಸರಿಗೆ ಊರಿ ನಿಂತ ಬೇರು ಒಂದು ಜಾತಿಯದು. ಕೆಸರಿನಿಂದ ಪೆನ್ಸಿಲ್ ಗಾತ್ರದಲ್ಲಿ ನೆಟ್ಟಗೆ ಮೇಲೆದ್ದವು ಇನ್ನೊಂದರವು. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಮರ ಹೀಗೆ ಮೇಲಿನಿಂದ ಉಸಿರಾಡುತ್ತದೆ. ಈ ಎರಡನೆಯ ಮರದ ಎಲೆಯನ್ನು ಬಿಸಿಲೇರಿದ ಮೇಲೆ ನಾಲಿಗೆಗೆ ತಾಗಿಸಿದರೆ ಉಪ್ಪು ಹತ್ತುತ್ತದೆ, ಹೀರಿದ ಉಪ್ಪನ್ನು ಎಲೆಯಿಂದಲೇ ಹೊರಹಾಕುವ ಮರ ಅದು. ಆದರೆ ಗುರುತು ಸಿಗದ ಎಲೆಯನ್ನು ನಾಲಿಗೆಗೆ ತಾಗಿಸಬೇಡಿ, ಕಾಂಡ್ಲಾ ಕಾಡಿನಲ್ಲೇ ಬೆಳೆಯುವ ಒಂದು ಮರದ ಹಾಲು ಕಣ್ಣಿಗೆ ತಾಗಿದರೆ ಕುರುಡಾಗುವ ಭಯವಿದೆ. ಎಲೆ ಮುರಿದಾಗ ಬಿಳಿ ಹಾಲು ಒಸರಿದರೆ ಕೈ ಬಿಡಿ. ಕೊಂಬೆಯಲ್ಲೇ ಮೊಳೆತು ಈಟಿಯಂತೆ ನೇತಾಡುವ ಬೀಜಗಳನ್ನೂ ನೋಡಿ. ಇದೇ ಕುಟುಂಬದ ಮರಗಳು ಸುಂದರಬನದಲ್ಲೂ ಇವೆ. ಇಲ್ಲಿ ಗುರುತಿಸಿದ ಮಗು ಅಲ್ಲಿ ಗೈಡ್‌ಗೆ ಪ್ರಶ್ನೆ ಕೇಳುತ್ತಾಳೆ.

ಅಮ್ಮನಿಗೆ ಸುಂದರಬನ ಆಗದು ಎಂದು ಕೊನೆಗೆ ತೀರ್ಮಾನವಾದರೆ ನೀಲೇಶ್ವರದ ಕೋಟಪ್ಪುರದಿಂದ ವಲಿಯಪರಂಬ ಹಿನ್ನೀರಿಗೆ ಹೌಸ್‌ಬೋಟ್ ಹೊರಡುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಅಲ್ಲಿಯೂ ದೋಣಿ ಹತ್ತುವ ಹೊತ್ತಿಗೆ ನೀರು ಏರಿರುವ ದಿನವನ್ನೇ ಕೇಳಿಕೊಂಡು ಹೋಗಿ.